ಇಪ್ಪತ್ನಾಲ್ಕು ಕ್ಲಿಕ್ಕು

ನನಗೊಂದು ಸಣ್ಣ ಚಿಂತೆ ಇದೆ. ಡೈರಿಗೆ ಬಿಟ್ಟರೆ ಯಾರಿಗೂ ಹೇಳಿಲ್ಲ. ಬಿ.ಎಸ್ಸಿ. ಎರಡನೇ ವರ್ಷದಲ್ಲಿ ಸ್ಪ್ರಿಂಗಿನ ಪ್ರಯೋಗದ ದಿನ ನಾನು ಪಕ್ಕದವಳ ಅಂಕಿಗಳನ್ನು ಕಾಪಿ ಹೊಡೆದಿದ್ದೆ. ನನ್ನ ಸ್ಪ್ರಿಂಗಿಗೆ ಮೊದಲ ಎರಡು ತೂಕ ನೇತುಹಾಕಿದಾಗ ಅದು ಕೂದಲೆಳೆಯಷ್ಟೂ ಕದಲಲಿಲ್ಲ. ಮೂರನೆಯದಕ್ಕೆ ಇದ್ದಕ್ಕಿದ್ದಂತೆ ಉದ್ದವಾಯಿತು. ಪಕ್ಕದವಳದು ಮೊದಲ ತೂಕದಿಂದಲೇ ಲಕ್ಷಣವಾಗಿ ಇಳಿಯುತ್ತಿತ್ತು. ತಪ್ಪು ನನ್ನದೇ ಇರಬೇಕೆಂದು ರಬ್ಬರಿನಿಂದ ನನ್ನ ಅಂಕಿ ಅಳಿಸಿ, ಅವಳದನ್ನು ಬರೆದು, ಹತ್ತಕ್ಕೆ ಹತ್ತು ತೆಗೆದುಕೊಂಡು ಬಂದೆ. ಆ ಹತ್ತು ಅಂಕ ಮೂರು ವರ್ಷದ ಮೇಲೆ ಕೆಂಪು ಕಾರಿನಲ್ಲಿ ನನ್ನನ್ನು ಹುಡುಕಿಕೊಂಡು ಬಂದೀತೆಂದು ನಾನು ಎಣಿಸಿರಲಿಲ್ಲ.

ಕಾರು ಚಿಕ್ಕಪ್ಪನದು. ಪದವಿ ಮುಗಿಸಿ ಕೆಲಸ ಹುಡುಕುವ ನೆಪದಲ್ಲಿ ನಾನು ಅವರ ಮನೆಯಲ್ಲಿದ್ದೇನೆ. ಅವರು ನೀರಿನ ಬಿಲ್ಲಿನ ಕೌಂಟರಿನಲ್ಲಿ ಇಪ್ಪತ್ತಾರು ವರ್ಷದಿಂದ ಕೂತಿರುವ ಮನುಷ್ಯ. ಯಾರ ಮೇಲೂ ದನಿ ಎತ್ತಿದವರಲ್ಲ, ಯಾವ ಗಾಡಿಯನ್ನೂ ಹಿಂದೆ ಹಾಕಿದವರಲ್ಲ. ಅಂಥವರು ಒಂದು ಸೋಮವಾರ ಹಲ್ಲಿನ ಡಾಕ್ಟರರ ಹತ್ತಿರ ಹಲ್ಲು ಕೀಳಿಸಿಕೊಳ್ಳಲು ಹೋಗಿ, ಅವರ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರನ್ನು ಕೊಂಡುಕೊಂಡು ಬಂದರು. ಹಲ್ಲು ಹಾಗೇ ಇತ್ತು. ಕಾರಿಗೆ ಇಪ್ಪತ್ತು ವರ್ಷ, ಚಿಕ್ಕಪ್ಪನಿಗೆ ಐವತ್ತೊಂದು. ಇಬ್ಬರೂ ತಮ್ಮ ವಯಸ್ಸನ್ನು ಒಪ್ಪಿಕೊಂಡಿರಲಿಲ್ಲ.

ಮುಂದೆ ಎರಡು ಸೀಟು. ಹಿಂದೆ ಸೀಟಿನ ಆಕಾರದ ಒಂದು ಜಾಗ, ಅದು ನನ್ನದು. ರಸ್ತೆಯ ಉಬ್ಬು ದಾಟಿದರೆ ಕಾರು ನಿಂತ ಮೇಲೂ ನಾಲ್ಕು ಸಲ ತಲೆಯಾಡಿಸುತ್ತಿತ್ತು. ಏಕೆ ನಾಲ್ಕೇ ಸಲ, ಮೂರೋ ಐದೋ ಏಕಲ್ಲ ಎಂದು ನಾನು ಡೈರಿಯಲ್ಲಿ ಬರೆದುಕೊಂಡೆ. ಶಾಕ್ ಅಬ್ಸಾರ್ಬರುಗಳೆಲ್ಲ ಸೋರಿ, ಗೇಟಿನೊಳಗೆ ನಾಲ್ಕು ಚಕ್ರದ ಕೆಳಗೂ ಒಂದೊಂದು ಎಣ್ಣೆಯ ಮಚ್ಚೆ ಬಿದ್ದಿತ್ತು. ಚಿಕ್ಕಮ್ಮ ಅವನ್ನು ದಿನವೂ ಉಜ್ಜಿ ತೊಳೆಯುತ್ತ, ಹೊಸ ಸೊಸೆ ಮನೆಗೆ ಬಂದರೂ ಇಷ್ಟು ಗಲೀಜು ಮಾಡುತ್ತಿರಲಿಲ್ಲವೆಂದು ಗೋಡೆಯಾಚೆಗೂ ಕೇಳುವಂತೆ ಹೇಳುತ್ತಿದ್ದರು. ಎರಡನೇ ವಾರ ಅವರು ತೀರ್ಪು ಕೊಟ್ಟರು.

“ಅತ್ತೆ ಒಂದು ಸುತ್ತು ಕೂತು ಬಂದು, ಸೊಂಟ ನೆಟ್ಟಗಿದೆ ಅಂದ್ರೆ ಗಾಡಿ ಇರ್ಲಿ. ಇಲ್ಲಾಂದ್ರೆ ಹಲ್ಲು ಡಾಕ್ಟ್ರಿಗೇ ವಾಪಸ್ಸು. ಹಲ್ಲೂ ಕೊಟ್ಟು ಬನ್ನಿ.”

ಅತ್ತೆ ಅಂದರೆ ನನ್ನ ಅಜ್ಜಿ, ಚಿಕ್ಕಪ್ಪನ ತಾಯಿ. ಎಪ್ಪತ್ತೆಂಟು ವರ್ಷ, ಆಪರೇಷನ್ ಆದ ಸೊಂಟ, ಬಾಗಿಲ ಬಳಿ ಬೆತ್ತದ ಕುರ್ಚಿ. ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ಮಾತಾಡದ ಗುಣ ನನಗೆ ಅವರಿಂದಲೇ ಬಂದಿದೆಯೆಂದು ಮನೆಯವರು ಹೇಳುತ್ತಾರೆ. ಆದರೆ ಅಜ್ಜಿ ಮಾತು ಬೇಡವೆಂದು ಸುಮ್ಮನಿರುತ್ತಾರೆ. ನಾನು ಮಾತು ಬರದೆ ಸುಮ್ಮನಿರುತ್ತೇನೆ.

ಚಿಕ್ಕಪ್ಪ ಊಟದ ಬಿಡುವಿನಲ್ಲಿ ಮೊಬೈಲಿನಲ್ಲಿ ವೀಡಿಯೊ ನೋಡಿ ಪರಿಹಾರ ಕಂಡುಹಿಡಿದು ಬಂದರು. ಅದರ ಹೆಸರು ಕಾಯಿಲ್‌ಓವರ್. ಶಾಕ್ ಅಬ್ಸಾರ್ಬರಿನ ಮೈಗೇ ಸುತ್ತ ಸ್ಪ್ರಿಂಗ್ ತೊಡಿಸಿದ ಒಂದೇ ಕಂಬ. ಮೈಮೇಲೆ ತಿರುಪಿನ ಗೆರೆಗಳಿದ್ದು, ಅದರ ಮೇಲಿನ ಬಳೆ ತಿರುಗಿಸಿದರೆ ಕಾರು ಮೇಲೆ ಕೆಳಗೆ ಆಗುತ್ತದೆ, ತಲೆಯ ಮೇಲಿನ ಗುಂಡಿ ತಿರುಗಿಸಿದರೆ ಗಟ್ಟಿ ಮೆತ್ತಗೆ ಆಗುತ್ತದೆ. ಇದನ್ನೆಲ್ಲ ಊಟಕ್ಕೆ ಕೂತಾಗ ವಿವರಿಸಿ, ಸ್ಪ್ರಿಂಗೆಂದರೆ ಫಿಸಿಕ್ಸೇ ತಾನೆ ಎಂದು ನನ್ನನ್ನು ಕೇಳಿದರು. ಬಾಯಲ್ಲಿ ತುತ್ತಿದ್ದದ್ದರಿಂದ ತಲೆಯಾಡಿಸಿದೆ. ಆ ತುತ್ತು ನುಂಗುವಷ್ಟರಲ್ಲಿ ನಾನು ತಜ್ಞೆಯಾಗಿದ್ದೆ. ಬೆಳಗಾಗುವಷ್ಟರಲ್ಲಿ ಎದುರುಮನೆ ಮೇಷ್ಟ್ರಿಗೂ ಗೊತ್ತಾಗಿ, ಪೇಪರ್ ಇಸಿದುಕೊಳ್ಳಲು ಬಂದವರು ನನಗೆ ನಮಸ್ಕಾರ ಹೇಳಿ ಹೋದರು.

ಬಿಡಿಭಾಗದ ಅಂಗಡಿಗೆ ಚಿಕ್ಕಪ್ಪ ನನ್ನನ್ನು ಮುಂದೆ ಬಿಟ್ಟುಕೊಂಡು ಹೋದರು. ಅಂಗಡಿಯವನು ಬಂಗಾರದ ಬಣ್ಣದ ಡಬ್ಬದಿಂದ ಬಂಗಾರದ ಬಣ್ಣದ ಕಂಬ ತೆಗೆದು ಮೇಜಿನ ಮೇಲಿಟ್ಟ. ಹೊರದೇಶದ ಮಾಲಂತೆ, ರೇಸಿನವರು ಹಾಕುವುದಂತೆ, ಹನ್ನೆರಡು ಕೆಜಿ ಸ್ಪ್ರಿಂಗಂತೆ. ಪಕ್ಕದ ನೀಲಿ ಡಬ್ಬದ್ದು ಮುಂದಕ್ಕೆ ಆರು ಕೆಜಿ, ಹಿಂದಕ್ಕೆ ಐದು. ಅದು ಸಂಸಾರಸ್ಥರಿಗೆ ಎಂದು ಮೂಗು ಮುರಿದ.

ಚಿಕ್ಕಪ್ಪನಿಗೆ ಸಿಟ್ಟು ಬಂತು. “ನಮ್ಮನೆ ಬೆಕ್ಕೇ ಐದು ಕೆಜಿ ಇದೆ ಕಣಪ್ಪಾ. ಗಾಡಿ ಟನ್ನುಗಟ್ಟಲೆ ತೂಗುತ್ತೆ. ಹನ್ನೆರಡಾದ್ರೂ ಎಲ್ಲಿ ಸಾಕಾಗುತ್ತೆ? ನೂರು ಕೆಜೀದಿದ್ರೆ ತೋರ್ಸು.”

ಸ್ಪ್ರಿಂಗ್ ಒಂದು ಮಿಲಿಮೀಟರ್ ಕುಗ್ಗಬೇಕಾದರೆ ಅಷ್ಟು ಕೆಜಿ ಬೇಕು, ಅದು ಸ್ಪ್ರಿಂಗ್ ಹೊರುವ ಒಟ್ಟು ಭಾರವಲ್ಲ ಎಂದು ಅಂಗಡಿಯವನು ತಿಳಿಸಿ ಹೇಳಿದ. ನನಗೆ ಅದು ಎಷ್ಟು ಚೆಂದ ಅನಿಸಿತೆಂದರೆ, ಅಲ್ಲೇ ಮನಸ್ಸಿನಲ್ಲಿ ಲೆಕ್ಕ ಹಾಕತೊಡಗಿದೆ. ಆರು ಕೆಜಿ ಸ್ಪ್ರಿಂಗಿನ ಮೇಲೆ ನಮ್ಮ ಬೆಕ್ಕು ಕೂತರೆ ಒಂದು ಮಿಲಿಮೀಟರಿಗೂ ಕಮ್ಮಿ. ಅಜ್ಜಿ ನಲವತ್ತೆಂಟು ಕೆಜಿ. ಒಂದೇ ಸ್ಪ್ರಿಂಗಿನ ಮೇಲೆ ಕೂತರೆ ಎಂಟು ಮಿಲಿಮೀಟರ್. ಹನ್ನೆರಡರದ್ದಾದರೆ ನಾಲ್ಕೇ.

ನಾನು ಹೊಸಬರ ಮುಖ ನೋಡಲಾರೆ. ಸಂಕೋಚವಾದರೆ ಯಾವುದಾದರೂ ವಸ್ತು ಹಿಡಿದು ಅದನ್ನೇ ದಿಟ್ಟಿಸುತ್ತೇನೆ. ಆವತ್ತು ಸಿಕ್ಕಿದ್ದು ಬಂಗಾರದ ಕಂಬದ ಬಳೆ. ಅದರ ಕೆಳಗಿನ ತಿರುಪಿನ ಗೆರೆಗಳನ್ನು ಒಂದೊಂದಾಗಿ ಎಣಿಸುತ್ತ ನಿಂತೆ. ಮೂವತ್ತೊಂದರವರೆಗೆ ಬಂದಿರಬಹುದು, ಅಂಗಡಿಯವನು ಎರಡು ಸಲ ಕೆಮ್ಮಿ, ಫ್ಯಾನ್ ಜೋರು ಮಾಡಿದ. ಮೂವತ್ತೆಂಟಕ್ಕೆ ಕುಸಿದುಬಿಟ್ಟ.

“ಬಿಡಿ ಮೇಡಂ. ನಿಮಗೆ ಗೊತ್ತಾಯ್ತು ಅಂತ ನಂಗೂ ಗೊತ್ತಾಯ್ತು. ಅದು ಹೊರದೇಶದ್ದಲ್ಲ, ನಮ್ಮ ಹಿಂದಿನ ಗೋಡೌನಲ್ಲೇ ಬಣ್ಣ ಹೊಡ್ಸಿದ್ದು. ನೀಲಿ ಡಬ್ಬ ಒರಿಜಿನಲ್ಲು. ಅದನ್ನೇ ತಗೊಂಡ್ಹೋಗಿ.”

ದಾರಿಯುದ್ದಕ್ಕೂ ಚಿಕ್ಕಪ್ಪ ನನ್ನನ್ನು ನೋಡಿ ನೋಡಿ ತಲೆದೂಗಿದರು. ಒಂದು ಅಕ್ಷರ ಆಡದೆ ಕಳ್ಳ ಮಾಲು ಹಿಡಿದಳು ಎಂದು ಬೀದಿಯಲ್ಲಿ ಸಿಕ್ಕ ಆರು ಜನಕ್ಕೆ ಹೇಳಿದರು. ನೀಲಿ ಡಬ್ಬ ಮಡಿಲಲ್ಲಿಟ್ಟುಕೊಂಡು ನಾನು ಹಿಂದಿನ ಜಾಗದಲ್ಲಿ ಮಡಚಿಕೊಂಡು ಕೂತಿದ್ದೆ.

ಆಮೇಲಿನ ವಾರ ಬೀದಿಯಲ್ಲಿ ಅಲುಗಾಡುವ, ಕಿರುಗುಟ್ಟುವ ವಸ್ತುಗಳೆಲ್ಲ ನಮ್ಮ ಗೇಟಿಗೆ ಬಂದವು. ಎದುರುಮನೆ ಮೇಷ್ಟ್ರು ಎಡಕ್ಕೆ ಎಳೆಯುವ ತಮ್ಮ ಸ್ಕೂಟರ್ ತಂದು ನಿಲ್ಲಿಸಿದರು. ನಾನು ಅದರ ಮುಂದಿನ ಚಕ್ರ ನೋಡುತ್ತ ನಿಂತೆ. ಮೇಷ್ಟ್ರು ಆಚೀಚೆ ನೋಡಿ, ತಗ್ಗಿದ ದನಿಯಲ್ಲಿ, ಎಳೆಯುವುದು ಸ್ಕೂಟರಲ್ಲ, ತಮ್ಮ ಎಡ ಭುಜವೇ ಎಂದರು. ಬಚ್ಚಲಲ್ಲಿ ಜಾರಿ ಬಿದ್ದಿದ್ದನ್ನು ಹೆಂಡತಿಗೆ ಹೇಳಿರಲಿಲ್ಲವಂತೆ. ಪಕ್ಕದ ಮನೆಯ ದಂಪತಿ ಸ್ಪ್ರಿಂಗ್ ಮುರಿದ ಸೋಫಾ ಹೊತ್ತು ತಂದರು. ಹೆಂಡತಿ ಕಂಪನಿಯವರನ್ನು ಬೈಯುತ್ತಿದ್ದಳು. ನಾನು ಸೋಫಾದ ತೂತನ್ನು ನೋಡಿದೆ. ಒಂದು ನಿಮಿಷದಲ್ಲಿ ಗಂಡ ಬೆವೆತು, ಟಿ.ವಿ.ಯಲ್ಲಿ ಪಂದ್ಯ ಗೆದ್ದ ದಿನ ತಾನೇ ಅದರ ಮೇಲೆ ಹತ್ತಿ ಕುಣಿದದ್ದೆಂದು ಒಪ್ಪಿಕೊಂಡ. ಸೋಫಾ ವಾಪಸ್ಸು ಹೋಯಿತು. ಅವನು ಅದರ ಹಿಂದೆ ಹೋದ.

ಹೀಗೆ ಎಲ್ಲರೂ ನನ್ನ ಮುಂದೆ ನಿಜ ಹೇಳಿ ಹಗುರವಾಗಿ ಹೋಗುತ್ತಿದ್ದರು. ನಿಜ ಹೇಳದೆ ಉಳಿದವಳು ಬೀದಿಗೆ ನಾನೊಬ್ಬಳೇ.

ಆದರೆ ಒಂದು ವಿಷಯ. ಸುಳ್ಳಿನಿಂದ ಶುರುವಾದದ್ದಾದರೂ ನನಗೆ ಕುತೂಹಲ ಮಾತ್ರ ನಿಜವಾಗಿಯೇ ಹತ್ತಿಬಿಟ್ಟಿತ್ತು. ನೀಲಿ ಡಬ್ಬದಲ್ಲಿ ಒಂದು ಪುಟ್ಟ ಪುಸ್ತಕವಿತ್ತು. ಅದನ್ನು ಮಧ್ಯಾಹ್ನ ಚಿಕ್ಕಮ್ಮ ಮಲಗಿದ ಮೇಲೆ ಅಜ್ಜಿಯ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು ಓದಿದೆ. ಗುಂಡಿಯಲ್ಲಿ ಒಟ್ಟು ಮೂವತ್ತೆರಡು ಕ್ಲಿಕ್ಕು. ಮೊದಲು ಬಲಕ್ಕೆ ಪೂರ್ತಿ ತಿರುಗಿಸಿ ಅತಿ ಗಟ್ಟಿಗೆ ತರಬೇಕು; ಅಲ್ಲಿಂದ ಹಿಂದಕ್ಕೆ ಎಣಿಸಬೇಕು. ಊರೊಳಗಿನ ರಸ್ತೆಗೆ ಇಪ್ಪತ್ನಾಲ್ಕು ಕ್ಲಿಕ್ಕು ಹಿಂದೆ. ಶೂನ್ಯವನ್ನು ಗಟ್ಟಿಯ ಕಡೆಗೆ ಇಟ್ಟಿದ್ದಾರಲ್ಲ ಎಂದು ನನಗೆ ಬಹಳ ಹೊತ್ತು ಆಶ್ಚರ್ಯವಾಯಿತು. ಅಜ್ಜಿ ಕುರ್ಚಿಯಿಂದಲೇ ಪುಟದ ಚಿತ್ರ ನೋಡಿದರು.

ಮೆಕ್ಯಾನಿಕ್ಕಿಗೆ ಹೇಳಲೇಬೇಕಿತ್ತು. ಬಾಯಿಬಿಟ್ಟು ಹೇಳುವುದು ನನ್ನಿಂದಾಗದು, ಆದ್ದರಿಂದ ಚೀಟಿ ಬರೆದೆ. ಮೊದಲು ನಾಲ್ಕು ವಾಕ್ಯ ಬರೆದೆ. ಇಷ್ಟುದ್ದ ಬರೆದರೆ ಪಾಠ ಹೇಳಿದಂತಾಗುತ್ತದೆಂದು ಎರಡು ಮಾಡಿದೆ. ಅದೂ ಅಧಿಕಪ್ರಸಂಗವೆನಿಸಿತು. ಕೊನೆಗೆ ಚೀಟಿಯಲ್ಲಿ ಉಳಿದದ್ದು ‘24’ ಮಾತ್ರ. ಎಷ್ಟು ವಿನಯ ನೋಡಿ.

ಗ್ಯಾರೇಜು ತಗಡಿನ ಸೂರಿನ ಉದ್ದನೆಯ ಕೋಣೆ. ಮೆಕ್ಯಾನಿಕ್ ಇಪ್ಪತ್ತು ವರ್ಷ ಲಾರಿಗಳ ಕೆಳಗೆ ಮಲಗಿದ್ದವನು. ಕಾರು ಜಾಕಿನ ಮೇಲೆ ಕಾಲು ಜೋಲಿಸಿಕೊಂಡು ನಿಂತಿತ್ತು. ಹಳೆಯ ಕಂಬ ಕಳಚಿ, ಹೊಸದು ಕೂರಿಸಿ, ಅವನು ಕೆಳಗಿನ ಬೋಲ್ಟನ್ನು ಉಸಿರು ಬಿಗಿಹಿಡಿದು ಬಿಗಿಯುತ್ತಿದ್ದ. ನಾನು ಅವನ ಚಪ್ಪಲಿ ನೋಡುತ್ತಿದ್ದೆ; ಒಂದು ಕಪ್ಪು, ಒಂದು ಕಂದು. ಅವನು ಸ್ಪ್ಯಾನರ್ ಕೆಳಗಿಟ್ಟ. ಚಕ್ರ ಗಾಳಿಯಲ್ಲಿರುವಾಗ ಕೊನೆಯ ಬಿಗಿ ಕೊಡಬಾರದೆಂದು ತನಗೂ ಗೊತ್ತು ಎಂದ. ಗಾಡಿ ನೆಲಕ್ಕಿಳಿದು ತನ್ನ ಭಾರ ತಾನು ಹೊತ್ತ ಮೇಲೆ ಬಿಗಿಯಬೇಕು, ಇಲ್ಲದಿದ್ದರೆ ಒಳಗಿನ ರಬ್ಬರ್ ತಿರುಚಿಕೊಳ್ಳುತ್ತದೆ, ಬಗ್ಗುವುದು ಕಷ್ಟವೆಂದು ಜಾಕಿನ ಮೇಲಿರುವಾಗಲೇ ಬಿಗಿದದ್ದು. ಇಷ್ಟು ಹೇಳಿ, ತಾನು ಕಾಯಿಲ್‌ಓವರ್ ಹಾಕುತ್ತಿರುವುದು ಇದೇ ಮೊದಲು ಎಂದೂ ಸೇರಿಸಿದ. ಬೋಲ್ಟ್ ಸಡಿಲಿಸಿ, ಕಾರು ಇಳಿಸಿ, ಮೈ ಹಿಡಿ ಮಾಡಿಕೊಂಡು ಕೆಳಗೆ ತೆವಳಿ ಮತ್ತೆ ಬಿಗಿದ. ನನ್ನ ಮೇಲೆ ಚಿಕ್ಕಪ್ಪನಿಗಿದ್ದ ಗೌರವ ಭಯವಾಗಿ ತಿರುಗಿದ್ದು ಅಲ್ಲೇ.

ಆಮೇಲೆ ನನ್ನ ಚೀಟಿ ಕೊಟ್ಟೆ. ಅವನು ಬಾನೆಟ್ ತೆರೆದು, ಗುಂಡಿಯನ್ನು ಎಡಕ್ಕೆ ಪೂರ್ತಿ ತಿರುಗಿಸಿ, ಅಂದರೆ ಅತಿ ಮೆತ್ತಗೆ ಮಾಡಿ, ಅಲ್ಲಿಂದ ಬಲಕ್ಕೆ ಎಣಿಸತೊಡಗಿದ. ಒಂದು, ಎರಡು, ಮೂರು.

ಉಲ್ಟಾ. ಆ ತುದಿಯಿಂದ ಇಪ್ಪತ್ನಾಲ್ಕೆಂದರೆ ಗಟ್ಟಿ ತುದಿಗೆ ಬರೀ ಎಂಟು ಬಾಕಿ. ನಾನು ಅವನನ್ನು ದಿಟ್ಟಿಸಿದೆ. ಈ ಸಲ ಚಪ್ಪಲಿಯನ್ನಲ್ಲ, ಮುಖವನ್ನೇ, ಹುಟ್ಟಿದಾಗಿನಿಂದ ಯಾರನ್ನೂ ನೋಡದಷ್ಟು ಗಟ್ಟಿಯಾಗಿ. ಅರ್ಥವೇ ಇಲ್ಲದ ನನ್ನ ನೋಟಕ್ಕೆ ಅಂಗಡಿಯವನು ಬೆವೆತಿದ್ದ, ಸೋಫಾದವನು ಬೆವೆತಿದ್ದ. ಅರ್ಥವಿದ್ದು ನೋಡಿದ್ದು ಇದೊಂದೇ ಸಲ. ಮೆಕ್ಯಾನಿಕ್ ಹನ್ನೊಂದನೇ ಕ್ಲಿಕ್ಕಿಗೆ ತಲೆಯೆತ್ತಿ ನನ್ನನ್ನು ನೋಡಿ, ಚಿಕ್ಕಪ್ಪನ ಕಡೆ ತಿರುಗಿ, “ಮೇಡಂ ಸರಿಯಾಗಿದೆ ಅಂತಿದಾರೆ” ಎಂದು ಮುಂದುವರಿಸಿದ.

ಅವನು ಎಣಿಸಿದ್ದೇ ಸರಿ ಇದ್ದರೂ ಇರಬಹುದಲ್ಲ ಎಂದು ನಾನು ಡೈರಿಯಲ್ಲಿ ಬರೆದೆ. ಇಪ್ಪತ್ತು ವರ್ಷ ಕೆಲಸ ಮಾಡಿದವನು. ನಾನು ಕಾಪಿ ಹೊಡೆದವಳು.

ಹೊಸ ಭಾಗ ಹಾಕಿಸಿದ್ದಕ್ಕೆ ಗಾಡಿ ತಪಾಸಣೆಯ ಅಧಿಕಾರಿಯ ಮುದ್ರೆ ಬೇಕಿತ್ತು. ಅವರು ಟಾರ್ಚ್ ಹಿಡಿದು ಚಕ್ರದ ಒಳಗೆ ಬಹಳ ಹೊತ್ತು ನೋಡಿ, ಇದನ್ನು ಆರಿಸಿದವರು ಯಾರೆಂದು ಗಡಸಾಗಿ ಕೇಳಿದರು. ಚಿಕ್ಕಪ್ಪ ನನ್ನನ್ನು ತೋರಿಸಿದರು. ನಾನು ಅವರ ಮೇಜಿನ ಮೇಲಿನ ಮುದ್ರೆಯ ಪ್ಯಾಡು ನೋಡಿದೆ. ಅಧಿಕಾರಿ ಕನ್ನಡಕ ತೆಗೆದು ಒರೆಸಿ, ಇಂಥದ್ದನ್ನು ಸುತ್ತೋಲೆಯಲ್ಲಿ ಓದಿದ್ದು ಬಿಟ್ಟರೆ ಕಣ್ಣಾರೆ ಕಂಡಿರಲಿಲ್ಲವೆಂದರು. ನೆಲದಿಂದ ಕಾರಿನ ಹೊಟ್ಟೆಯವರೆಗೆ ಎತ್ತರ ಅಳೆದು, ನಿಯಮದಲ್ಲಿದೆಯೆಂದು ಮುದ್ರೆ ಒತ್ತಿದರು. ಕಳಿಸುವಾಗ, ತಮ್ಮ ಕುರ್ಚಿಯೂ ಸ್ವಲ್ಪ ಕಿರುಗುಟ್ಟುತ್ತದೆ, ಬಿಡುವಾದಾಗ ನೋಡಬಹುದೇ ಎಂದರು.

ಕಾರು ಮನೆಗೆ ಬಂತು. ಇರುವೆಯ ಮೇಲೆ ಹತ್ತಿದರೂ ನಮ್ಮ ಬೆನ್ನುಮೂಳೆಗೆ ವರದಿಯಾಗುತ್ತಿತ್ತು. ಚಿಕ್ಕಪ್ಪ ನಾಲಿಗೆ ಕಚ್ಚಿಕೊಂಡು, ಇದೇ ರೇಸಿನ ಗತ್ತು, ನಮ್ಮ ಹುಡುಗಿ ಲೆಕ್ಕ ಹಾಕಿಯೇ ಮಾಡಿಸಿದ್ದಾಳೆ ಎಂದು ತೊದಲಿದರು. ಪರೀಕ್ಷೆ ಭಾನುವಾರ ಹತ್ತು ಗಂಟೆಗೆ ನಿಗದಿಯಾಯಿತು.

ಶನಿವಾರ ಚಿಕ್ಕಪ್ಪ ಬೋಲ್ಟುಗಳನ್ನು ಇನ್ನೊಮ್ಮೆ ನೋಡಿಸಲು ಗ್ಯಾರೇಜಿಗೆ ಕರೆದೊಯ್ದರು. ಕೆಲಸ ನಡೆಯುವಾಗ ನಾನು ಬೆಂಚಿನ ಮೇಲಿದ್ದ ಒಂದು ಸಣ್ಣ ಎಳೆಯುವ ಸ್ಪ್ರಿಂಗನ್ನು ಮೊಳೆಗೆ ಸಿಕ್ಕಿಸಿ, ತಂತಿಯಲ್ಲಿ ನಟ್ಟುಗಳನ್ನು ಪೋಣಿಸಿ ನೇತುಹಾಕಿದೆ. ಒಂದು ನಟ್ಟು: ಕದಲಲಿಲ್ಲ. ಎರಡು: ಕದಲಲಿಲ್ಲ. ಮೂರನೆಯದಕ್ಕೆ ಇಳಿಯಿತು. ತೆಗೆದು ಮತ್ತೆ ಹಾಕಿದೆ. ಅದೇ ಕಥೆ. ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತ ಬಂದ.

“ಅದು ಒತ್ತೊತ್ತಾಗಿ ಬಿಗಿಯಾಗಿ ಸುತ್ತಿರೋ ಸ್ಪ್ರಿಂಗು ಮೇಡಂ. ಮೊದ್ಲು ಸ್ವಲ್ಪ ಭಾರ ಹಾಕಿದ್ರೂ ಸುಮ್ನೆ ಇರುತ್ತೆ. ಕೆಟ್ಟಿದೆ ಅಂದ್ಕೋಬೇಕು, ಹಾಗಿರುತ್ತೆ. ಕೆಟ್ಟಿರಲ್ಲ. ನಿಮ್ಗೆ ಗೊತ್ತಿರೋದೇ ಬಿಡಿ.”

ನನಗೆ ಗೊತ್ತಿರಲಿಲ್ಲ. ಮೂರು ವರ್ಷದ ಹಿಂದೆ ರಬ್ಬರಿನಿಂದ ನಾನು ಅಳಿಸಿದ್ದು ಸರಿಯಾದ ಅಂಕಿ.

ಭಾನುವಾರ ಹತ್ತಕ್ಕೆ ಮೇಷ್ಟ್ರು ಮಡಚುವ ಕುರ್ಚಿ ತಂದು ಗೇಟಿನ ಎದುರು ಹಾಕಿಕೊಂಡು ಕೂತರು. ಸೋಫಾದ ದಂಪತಿ ಕಾಂಪೌಂಡಿನ ಮೇಲೆ ಮೊಣಕೈ ಊರಿದರು. ಮೆಕ್ಯಾನಿಕ್ ತನ್ನ ಮೊದಲ ಕಾಯಿಲ್‌ಓವರಿನ ಫಲಿತಾಂಶ ಕೇಳಲು ಒಂದೇ ಬಣ್ಣದ ಚಪ್ಪಲಿ ಹಾಕಿಕೊಂಡು ಬಂದಿದ್ದ. ಅಜ್ಜಿ ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಮುಂದೆ ಕೂತರು, ನಾನು ಹಿಂದಿನ ಜಾಗದಲ್ಲಿ. ಚಿಕ್ಕಪ್ಪ ಮೂವತ್ತರ ವೇಗದಲ್ಲಿ ಹೊರಟರು. ಮೊದಲ ಉಬ್ಬಿಗೆ ಇಪ್ಪತ್ತಾಯಿತು, ಎರಡನೆಯದಕ್ಕೆ ಹತ್ತು. ಮೂರನೆಯದರ ಹತ್ತಿರ ಒಬ್ಬರು ನಾಯಿಯ ಜೊತೆ ನಡೆದುಕೊಂಡು ನಮ್ಮನ್ನು ದಾಟಿ ಹೋದರು. ಅಜ್ಜಿಯ ಬೆನ್ನು ನೆಟ್ಟಗಿತ್ತು. ಕೈಚೀಲ ಹಿಡಿದ ಬೆರಳುಗಳು ಬೆಳ್ಳಗಾಗಿದ್ದವು. ಕನ್ನಡಿಯಲ್ಲಿ ಚಿಕ್ಕಪ್ಪನ ಕಣ್ಣು ಕಾಣುತ್ತಿತ್ತು. ಇಪ್ಪತ್ತಾರು ವರ್ಷ ಕೌಂಟರಿನ ಆಚೆಗೆ ಏನನ್ನೂ ಕೇಳದಿದ್ದ ಮನುಷ್ಯ ಅಜ್ಜಿಯ ಬೆರಳುಗಳನ್ನೇ ನೋಡುತ್ತ ಬರುತ್ತಿದ್ದರು.

ಗೇಟಿನ ಬಳಿ ಚಿಕ್ಕಮ್ಮ ಬಾಗಿಲು ತೆರೆದರು. ಅಜ್ಜಿ ಒಂದು ಕಾಲು ಹೊರಗಿಟ್ಟು, ಅಷ್ಟಕ್ಕೇ ನಿಲ್ಲಿಸಿದರು. ಇನ್ನೊಂದು ಕಾಲು ಒಳಗೇ ಇತ್ತು. ಸೊಂಟ ಹೇಗಿದೆಯೆಂದು ಚಿಕ್ಕಮ್ಮ ಕೇಳಿದರು.

“ಸೊಂಟ ಹೋಯ್ತು” ಎಂದರು ಅಜ್ಜಿ. ಚಿಕ್ಕಪ್ಪ ಕಾರಿನ ಕೀಲಿಯನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡರು, ಕೊಟ್ಟುಬಿಡುವವರಂತೆ. ಅಜ್ಜಿ ಸೀಟಿನ ಅಂಚನ್ನು ಒಮ್ಮೆ ಸವರಿ, ಆವತ್ತಿನ ಉಳಿದ ಮಾತುಗಳನ್ನೆಲ್ಲ ಖರ್ಚು ಮಾಡಿದರು. “ಕೂರೋಕೆ ಚೆನ್ನಾಗಿದೆ. ಇದು ಹೀಗೇ ಇರೋದಾ, ಇಲ್ಲಾ ಯಾರಾದ್ರೂ ಹೀಗೆ ಮಾಡಿದ್ದಾ?”

ಕೇಳಿ, ಸೀದಾ ನನ್ನ ಕಡೆ ತಿರುಗಿ ಸುಮ್ಮನಾದರು.

ಅಷ್ಟು ದಿನ ನನ್ನ ಮುಂದೆ ನಿಂತವರಿಗೆಲ್ಲ ಹೇಗಾಗಿರಬಹುದೆಂದು ನನಗೆ ಆಗ ಗೊತ್ತಾಯಿತು. ಆ ಸುಮ್ಮನಿರುವಿಕೆ ಗೇಟಿನವರೆಗೂ ಹರಡಿತು, ಜನ ತಡೆಯಲಾರದಾದರು. ತಾನು ಮೂವತ್ತರ ಮೇಲೆ ಒಮ್ಮೆಯೂ ಓಡಿಸಿಲ್ಲ, ಹೆದರಿಕೆಯಾಗುತ್ತದೆ, ಆದರೂ ಈ ಗಾಡಿಯೊಳಗೆ ಕೂತರೆ ಖುಷಿಯಾಗುತ್ತದೆ ಎಂದು ಚಿಕ್ಕಪ್ಪ ಒಪ್ಪಿಕೊಂಡರು. ಎಣ್ಣೆಯ ಮಚ್ಚೆಗಳಲ್ಲಿ ಒಂದು ಅಡುಗೆ ಎಣ್ಣೆಯದು, ತಾವೇ ಚೆಲ್ಲಿದ್ದು ಎಂದರು ಚಿಕ್ಕಮ್ಮ. ಮೇಷ್ಟ್ರು ಯಾರೂ ಕೇಳದಿದ್ದರೂ, ನಮ್ಮ ಪೇಪರುಗಳಲ್ಲಿ ಹನ್ನೊಂದು ವಾಪಸ್ಸು ಕೊಟ್ಟಿಲ್ಲವೆಂದರು. ಅಜ್ಜಿ ಇವರಾರ ಕಡೆಗೂ ನೋಡಲಿಲ್ಲ. ಮೆಕ್ಯಾನಿಕ್ ಮುಂದೆ ಬಂದು, ಮೇಡಂ ಚೀಟಿಯಲ್ಲಿ ಬರೆದಂತೆಯೇ ಎಣಿಸಿದ್ದೇನೆ, ಆದ್ದರಿಂದ ಗಾಡಿಯ ಗುಣವೇ ಹೀಗಿರಬೇಕು ಎಂದ. ಅಜ್ಜಿಯ ಇನ್ನೊಂದು ಕಾಲು ಹೊರಗೆ ಬರಲು ಎದ್ದಿತು.

ನಾನು ಹಿಂದಿನ ಜಾಗದಿಂದ ಎರಡು ಸೀಟುಗಳ ನಡುವೆ ಕತ್ತು ತೂರಿಸಿದೆ. ದನಿ ಹೊರಟಾಗ ಅದು ಯಾರದೆಂದು ನನಗೇ ಅನುಮಾನವಾಯಿತು.

“ಮಾಡಿದ್ದು, ಅಜ್ಜಿ. ಇಪ್ಪತ್ನಾಲ್ಕನ್ನ ಗಟ್ಟಿ ಕಡೆಯಿಂದ ಎಣಿಸ್ಬೇಕಿತ್ತು, ಮೆತ್ತನೆ ಕಡೆಯಿಂದ ಎಣಿಸಿದ್ರು. ನಂಗೆ ಗೊತ್ತಿತ್ತು. ನೋಡ್ತಾ ನಿಂತಿದ್ದೆ, ಹೇಳ್ಲಿಲ್ಲ.”

ಅಜ್ಜಿ ಹೊರಗಿಟ್ಟಿದ್ದ ಕಾಲನ್ನು ಒಳಗೆಳೆದುಕೊಂಡು, ಬಾಗಿಲು ಹಾಕಿಕೊಂಡರು.